ಟೈರ್ ಸವೆದಿಲ್ಲ ಅಂತ ನಂಬ್ಕೊಂಡು ದೂರ ಹೊರಡ್ಬೇಡಿ

ಹೋದ ವಾರ ಅಕ್ಕನ ಮನೆಗೆ ಹೊರಟಿದ್ವಿ, ಐನೂರು ಚಿಲ್ಲರೆ ಕಿಲೋಮೀಟರ್. ನಾನು, ಹೆಂಡತಿ, ಮಕ್ಕಳಿಬ್ರು, ಅಮ್ಮ. ಡಿಕ್ಕಿ ತುಂಬ ಲಗೇಜು, ಅಲ್ಲಿ ಹಿಡಿಸದೇ ಇದ್ದಿದ್ದು ಮಕ್ಕಳ ಕಾಲ ಕೆಳಗೆ. ಹೊರಡೋ ಮುಂಚೆ ಸರ್ವಿಸ್ ಮಾಡ್ಸಿದ್ದೆ, ಆಯಿಲ್ಲು, ಕೂಲೆಂಟು, ಬ್ರೇಕು ಎಲ್ಲಾ ಓಕೆ. ಟೈರ್ ನಾನೇ ನೋಡಿದ್ದೆ, ನೆಲಕ್ಕೆ ತಾಗೋ ಕಡೆ ಗೀರು ಇನ್ನೂ ಆಳವಾಗೇ ಇತ್ತು. ಸೆಕೆಂಡ್ ಹ್ಯಾಂಡ್ ಕಾರು, ಹಳೇ ಓನರ್ ಜಾಸ್ತಿ ಓಡ್ಸೇ ಇರ್ಲಿಲ್ಲ, ನನಗೆ ಅದೇ ದೊಡ್ಡ ಖುಷಿ.

ಅರ್ಧ ದಾರಿ ದಾಟಿದ ಮೇಲೆ ಸೀಟಿನ ಕೆಳಗಿಂದ ಒಂಥರಾ ಧಡಧಡ ಅಂತ ನಡುಕ ಶುರುವಾಯ್ತು. "ಏನೋ ಇದು ಸದ್ದು" ಅಂತ ಅಮ್ಮ ಎರಡು ಸಲ ಕೇಳಿದ್ರು, ರೋಡ್ ಸರಿಯಿಲ್ಲಮ್ಮ ಅಂದ್ಬಿಟ್ಟೆ. ಅಲ್ಲೇ ನಿಲ್ಲಿಸ್ಬೇಕಿತ್ತು. ಹತ್ತು ನಿಮಿಷಕ್ಕೆ ಢಮಾರ್ ಅಂತ ಹಿಂದಿನ ಎಡಗಡೆ ಟೈರ್ ಹೋಯ್ತು, ಆಗ ನೂರರ ಸ್ಪೀಡಲ್ಲಿದ್ದೆ, ಕಾರಿನ ಹಿಂಭಾಗ ಬಾಲ ಬೀಸಿದಂಗೆ ಬೀಸ್ತು, ಕಾಲು ಬ್ರೇಕ್ ಮೇಲೆ ಹೋಗೇಬಿಟ್ಟಿತ್ತು ಆದ್ರೆ ಒತ್ಲಿಲ್ಲ, ಅದೊಂದು ಪುಣ್ಯ. ಟೈರ್ ಸಿಡಿದಾಗ ಗಕ್ಕಂತ ಬ್ರೇಕ್ ಹಾಕಿದ್ರೆ ಗಾಡಿ ತಿರುಗ್ಬಿಡುತ್ತೆ. ಸ್ಟೇರಿಂಗ್ ಎರಡೂ ಕೈಯಲ್ಲಿ ನೆಟ್ಟಗೆ ಹಿಡ್ಕೊಂಡು ಆಕ್ಸಿಲರೇಟರ್ ನಿಧಾನಕ್ಕೆ ಬಿಡ್ತಾ ಬಂದೆ, ತಾನಾಗೇ ಸ್ಪೀಡ್ ಇಳೀತು, ಪಕ್ಕಕ್ಕೆ ತಗೊಂಡೆ. ಯಾರಿಗೂ ಏನೂ ಆಗ್ಲಿಲ್ಲ. ಚಿಕ್ಕವಳು ನಿದ್ದೆಯಿಂದ ಎದ್ದು "ಅತ್ತೆ ಮನೆ ಬಂತಾ" ಅಂದ್ಲು.

ಆಮೇಲೆ ನೋಡಿ ಮಜಾ. ಸ್ಟೆಪ್ನಿ ಇರೋದು ಡಿಕ್ಕಿ ಅಡೀಲಿ, ಅಷ್ಟೂ ಲಗೇಜು ರಸ್ತೆ ಪಕ್ಕ ಇಳಿಸ್ಬೇಕಾಯ್ತು. ನಟ್ಟುಗಳನ್ನ ಮಷೀನಲ್ಲಿ ಎಷ್ಟು ಬಿಗಿ ಮಾಡಿದ್ರು ಅಂದ್ರೆ ಸ್ಪ್ಯಾನರ್ ಮೇಲೆ ಹತ್ತಿ ನಿಂತ್ರೂ ಒಂದು ಜಪ್ಪಯ್ಯ ಅನ್ಲಿಲ್ಲ (ಜಾಕಿ ಎತ್ತೋಕೆ ಮುಂಚೆನೇ ನಟ್ಟು ಸಡಿಲ ಮಾಡ್ಕೊಳ್ಳಿ, ಚಕ್ರ ಗಾಳಿಗೆದ್ದ ಮೇಲೆ ಅದೂ ಜೊತೆಗೇ ತಿರುಗುತ್ತೆ). ಹೆಂಗೋ ಬಿಚ್ಚಿ ಸ್ಟೆಪ್ನಿ ಹಾಕಿದ್ರೆ ಅದ್ರಲ್ಲಿ ಗಾಳಿನೇ ಇಲ್ಲ, ಜಾಕಿ ಇಳಿಸ್ತಿದ್ದಂಗೆ ಚಪ್ಪಟೆ. ಕಾರು ತಗೊಂಡಾಗಿಂದ ಒಂದ್ಸಲನೂ ಅದನ್ನ ಚೆಕ್ ಮಾಡಿರ್ಲಿಲ್ಲ, ಯಾರು ಮಾಡ್ತಾರೆ ಹೇಳಿ.

ಒಂದು ಗಂಟೆ ಆದ್ಮೇಲೆ ಲಾರಿ ಡ್ರೈವರೊಬ್ರು ನಿಲ್ಲಿಸಿದ್ರು. ತಮ್ಮ ಗಾಡಿಯಿಂದ ಪೈಪ್ ಎಳೆದು ಗಾಳಿ ಹಾಕ್ಕೊಟ್ರು, ಆಮೇಲೆ ಸಿಡಿದ ಟೈರನ್ನ ಹೆಬ್ಬೆರಳಲ್ಲಿ ಉಜ್ಜಿ "ಇದು ಸವೆದು ಹೋಗಿರೋದಲ್ಲ ಸಾರ್, ವಯಸ್ಸಾಗಿ ಹೋಗಿರೋದು" ಅಂದ್ರು. ಟೈರಿನ ಪಕ್ಕದ ಮೈ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು, ಒಣಗಿದ ಕೆರೆ ಮಣ್ಣಿನ ಥರ. ಡಿಓಟಿ ಅಂತ ಅಕ್ಷರ ಇರೋ ಕಡೆ ಕೊನೇ ನಾಲ್ಕು ಅಂಕಿ ತೋರ್ಸಿದ್ರು, 0815. 2015ನೇ ಇಸವಿ ಎಂಟನೇ ವಾರ ತಯಾರಾದ ಟೈರು! ರಬ್ಬರ್ ನಿಂತಲ್ಲೇ ನಿಂತಿದ್ರೂ ಹಳೇದಾಗುತ್ತಂತೆ, ಗೀರು ಎಷ್ಟೇ ಇದ್ರೂ ಒಳಗೆ ಪದರ ಬಿಟ್ಕೊಂಡಿರುತ್ತೆ. ಆ ನಡುಕ ಅದೇ ಇರ್ಬೇಕು. ಆಮೇಲೆ ಓದಿದೆ, ಎಷ್ಟೋ ಕಾರ್ ಕಂಪನಿಗಳು ಆರು ವರ್ಷಕ್ಕೆ ಬದಲಾಯಿಸಿ ಅಂತಾವೆ, ಹತ್ತು ದಾಟಿಸ್ಲೇಬೇಡಿ ಅಂತ ಟೈರ್ ಮಾಡೋರೇ ಹೇಳ್ತಾರೆ. ಕೆಲವು ಟೈರಲ್ಲಿ ಈ ನಾಲ್ಕಂಕಿ ಒಳಗಡೆ ಮುಖಕ್ಕಿರುತ್ತೆ, ಬಗ್ಗಿ ಟಾರ್ಚ್ ಬಿಟ್ಟೇ ನೋಡ್ಬೇಕು.

ನನ್ನದೇ ಇನ್ನೊಂದು ತಪ್ಪು, ಗಾಳಿ. ಡ್ರೈವರ್ ಬಾಗಿಲು ತೆಗೆದ್ರೆ ಒಂದು ಸ್ಟಿಕ್ಕರ್ ಇದೆ, ಫುಲ್ ಲೋಡ್ ಇದ್ರೆ ಹಿಂದಿನ ಟೈರಿಗೆ ಜಾಸ್ತಿ ಗಾಳಿ ಅಂತ ಬರೆದಿದೆ. ನಾನು ದಿನಾ ಆಫೀಸಿಗೆ ಒಬ್ನೇ ಹೋಗೋವಾಗ ಎಷ್ಟು ಹಾಕಿಸ್ತೀನೋ ಅಷ್ಟರಲ್ಲೇ ಐದು ಜನ, ಅಷ್ಟೊಂದು ಲಗೇಜು. ಗಾಳಿ ಕಮ್ಮಿ, ಭಾರ ಜಾಸ್ತಿ ಆದ್ರೆ ಟೈರ್ ಪಕ್ಕಗಳು ಮಡಚಿ ಮಡಚಿ ಬಿಸಿಯಾಗ್ತವೆ, ಹಳೇ ಟೈರ್ ಸಿಡಿಯೋಕೆ ಅಷ್ಟು ಸಾಕು. ಟೈರ್ ತಣ್ಣಗಿರುವಾಗ್ಲೇ ಹಾಕಿಸಿ, ಜೊತೆಗೆ ಸ್ಟೆಪ್ನಿಗೂ.

ಅಕ್ಕನ ಊರು ಮುಟ್ಟಿದ್ದು ಮಧ್ಯರಾತ್ರಿ. ಮಾರನೇ ದಿನ ನಾಲ್ಕೂ ಬದಲಾಯಿಸೋಕೆ ಹೋದೆ, ಅಂಗಡಿಯೋನು ಹೊಸ ಸ್ಟಾಕ್ ಸಾರ್ ಅಂತ ಉರುಳಿಸ್ಕೊಂಡು ಬಂದ. ಬಗ್ಗಿ ನಂಬರ್ ನೋಡಿದೆ, ಮೂರು ವರ್ಷ ಹಳೇದು. ನನ್ನ ಮುಖ ನೋಡಿ ಏನೂ ಮಾತಾಡ್ದೆ ಒಳಗೆ ಹೋಗಿ ಬೇರೆ ತಂದ.