ಪ್ಯುಡೆಂಡಲ್ ನರದ ನೋವಿಗೆ ಬ್ಲಾಕೋ, ಪಲ್ಸ್ಡ್ ಆರ್‌ಎಫ್ಫೋ, ಕ್ರಯೋನೋ?

ಗುದ, ಜನನಾಂಗದ ಸುತ್ತ ಕೂತರೆ ಉರಿ, ಎದ್ದರೆ ಕಡಿಮೆ. ಕಮೋಡಿನ ಮೇಲೆ ಕೂತಾಗ ಮಾತ್ರ ಯಾಕೋ ಆರಾಮ. ರಾತ್ರಿ ನಿದ್ದೆ ಕೆಡುವುದಿಲ್ಲ. ತಿಂಗಳುಗಟ್ಟಲೆ ಹೀಗೇ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಪ್ಯುಡೆಂಡಲ್ ನರವನ್ನು. ಬೆನ್ನುಹುರಿಯ ಬುಡದ ಎಸ್2ರಿಂದ ಎಸ್4ರ ಬೇರುಗಳಿಂದ ಹೊರಟ ಈ ನರ ಇಷಿಯಲ್ ಸ್ಪೈನ್ ಎಂಬ ಎಲುಬಿನ ಮೊನೆಯ ಬಳಿ ಎರಡು ಲಿಗಮೆಂಟುಗಳ ಸಂದಿಯಲ್ಲಿ ನುಸುಳುತ್ತದೆ. ರೋಗಿಯನ್ನು ಬೋರಲು ಮಲಗಿಸಿ, ಸಿಟಿ ನೋಡಿಕೊಂಡು, ಮರಗಟ್ಟಿಸುವ ಬ್ಲಾಕ್, ರೇಡಿಯೋ ಅಲೆಯ ಪಲ್ಸ್ಡ್ ಆರ್‌ಎಫ್, ಹೆಪ್ಪುಗಟ್ಟಿಸುವ ಕ್ರಯೋ, ಈ ಮೂರು ಚಿಕಿತ್ಸೆಗಳಲ್ಲೂ ನಾವು ಸೂಜಿ ಇಳಿಸುವುದು ಅಲ್ಲಿಗೇ ಅಥವಾ ನರ ಮುಂದೆ ಸಾಗುವ, ಸ್ವಲ್ಪ ಕೆಳಗಿನ ಆಲ್ಕಾಕ್ ಕಾಲುವೆಗೆ.

ಬ್ಲಾಕ್ ಎಂದರೆ ಮರಗಟ್ಟಿಸುವ ಮದ್ದಾದ 0.25% ಬ್ಯುಪಿವಕೇನ್ 3ರಿಂದ 5 ಮಿ.ಲೀ., ಜೊತೆಗೆ ಬೇಕಿದ್ದರೆ ಸ್ಟೆರಾಯ್ಡ್. ಮರಗಟ್ಟುವುದು ಕೆಲವು ಗಂಟೆ. ಸ್ಟೆರಾಯ್ಡ್ ಹಿಡಿದರೆ ಕೆಲವು ವಾರ. ಚಿಕಿತ್ಸೆಯಾಗಿ ಇದು ಸೋಲುತ್ತದೆ, ಪರೀಕ್ಷೆಯಾಗಿ ಇದನ್ನು ಮೀರಿಸಿದ್ದಿಲ್ಲ. ಈ ನೋವನ್ನು ಗುರುತಿಸುವ 2008ರ ನಾಂಟ್ ಮಾನದಂಡಗಳಲ್ಲೂ ಇದಕ್ಕೆ ಜಾಗವಿದೆ. ಮದ್ದು ಹಾಕಿದ ಮೇಲೆ ಪಿನ್ನಿನಿಂದ ಚರ್ಮ ಮುಟ್ಟಿ ನೋಡಿ, ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ನೋವು ಹತ್ತಕ್ಕೆ ಎಷ್ಟು ಎಂದು ಕೇಳಬೇಕು. ಮರಗಟ್ಟಿಯೂ ನೋವು ಇಳಿಯದಿದ್ದರೆ ಮುಂದಿನ ಎರಡಕ್ಕೂ ದುಡ್ಡು ಸುರಿಯುವುದು ದಂಡ. ಮರಗಟ್ಟಲೇ ಇಲ್ಲವೆಂದರೆ ಸೂಜಿ ತಪ್ಪಿದೆ, ಲೆಕ್ಕಕ್ಕಿಲ್ಲ. ಮದ್ದು ಪಕ್ಕದ ಸಯಾಟಿಕ್ ನರಕ್ಕೆ ಹರಿದರೆ ಕಾಲು ಸಂಜೆವರೆಗೆ ಸೋಲುತ್ತದೆ. ಮನೆಗೆ ಕರೆದೊಯ್ಯಲು ಜನ ಬೇಕು.

ಪಲ್ಸ್ಡ್ ಆರ್‌ಎಫ್ ನರವನ್ನು ಸುಡುವುದಿಲ್ಲ. ಸೆಕೆಂಡಿಗೆ 2 ಬಾರಿ, 20 ಮಿಲಿಸೆಕೆಂಡಿನ ಪಲ್ಸ್, 42 ಡಿಗ್ರಿ ದಾಟದಂತೆ, 120 ಸೆಕೆಂಡಿನ ಸುತ್ತುಗಳು. ಜೋಮಿಲ್ಲ, ಗುದದ ಹಿಡಿತಕ್ಕೆ ಧಕ್ಕೆಯಿಲ್ಲ. ಆದರೆ ಯಾರಿಗೆ ನಾಟುತ್ತದೆಂದು ಮೊದಲೇ ಹೇಳಲಾಗದು. ಎರಡೂ ಕಡೆ ನೋವಿದ್ದವರಿಗೆ ನಾವು ಮೊದಲು ಆರಿಸುವುದು ಇದನ್ನೇ.

ಒಂದೇ ಕಡೆ ನೋವಿದ್ದು, ಬ್ಲಾಕಿಗೆ ಅದು ಸ್ಪಷ್ಟವಾಗಿ ಇಳಿದವರಿಗೆ ಕ್ರಯೋ. ಒತ್ತಡದ ಆರ್ಗಾನ್ ಅನಿಲ 17 ಗೇಜಿನ ಪ್ರೋಬಿನ ತುದಿಯಲ್ಲಿ ಹಿಗ್ಗಿ ತಣ್ಣಗಾಗುತ್ತದೆ. 8 ನಿಮಿಷದ ಆಸುಪಾಸು ಹೆಪ್ಪು, ಕೆಲವು ನಿಮಿಷ ಕರಗು, ಮತ್ತೆ ಹೆಪ್ಪು. ಸಿಟಿಯಲ್ಲಿ ಮಂಜಿನ ಉಂಡೆ ಕಪ್ಪಗೆ ಬೆಳೆಯುವುದು ಕಾಣುತ್ತದೆ. ಹೊಸಬರು ಎಡವುವುದು ಇಲ್ಲಿಯೇ: ಉಂಡೆಯ ಅಂಚು ಬರೀ 0 ಡಿಗ್ರಿ. ನರ ಅಂಚಿಗೆ ತಾಗಿದರೆ ಸಾಲದು, ಮೈನಸ್ 20ರ ಒಳಗೆ ಸಿಗಬೇಕು. ಆಗ ಒಳಗಿನ ಎಳೆ ಕಡಿಯುತ್ತದೆ, ಹೊರಗಿನ ಕವಚ ಉಳಿಯುತ್ತದೆ. ಆ ಕವಚದೊಳಗೇ ಎಳೆ ದಿನಕ್ಕೆ 1ರಿಂದ 2 ಮಿ.ಮೀ. ಮರಳಿ ಬೆಳೆಯುತ್ತದೆ. 12 ಸೆಂ.ಮೀ. ದಾರಿಗೆ ಎರಡರಿಂದ ನಾಲ್ಕು ತಿಂಗಳು. ಆದ್ದರಿಂದ ಶಾಶ್ವತವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಉಂಡೆ ಗುದನಾಳದತ್ತ ವಾಲುತ್ತಿದೆಯೇ ಎಂದು ನಡುನಡುವೆ ಸಿಟಿ ತೆಗೆಯಬೇಕು. ತೆಳ್ಳಗಿನವರಲ್ಲಿ ಚರ್ಮವೂ ಸುಡುತ್ತದೆ, ಹಿಮದಿಂದಲೇ. ಮುಗಿದೊಡನೆ ಪ್ರೋಬ್ ಎಳೆಯಬಾರದು. ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗುವಷ್ಟು ಕರಗಬೇಕು, ಇಲ್ಲವಾದರೆ ಅಂಟಿದ ಮಾಂಸ ಹರಿದು ರಕ್ತ ಸುರಿಯುತ್ತದೆ. ತಂಪಿಗೆ ರಕ್ತದ ಪ್ರೋಟೀನು ಗರಣೆಗಟ್ಟುವ ಕ್ರಯೋಗ್ಲಾಬುಲಿನೀಮಿಯಾ ಇದ್ದವರಿಗೆ, ತಣ್ಣನೆಯದು ಸೋಕಿದರೆ ದದ್ದು ಏಳುವವರಿಗೆ ಇದು ಬೇಡ. ನೋವು ಮರಳಿದಾಗ ಮತ್ತೆ ಮಾಡಬಹುದು, ಅದಕ್ಕೂ ಮೊದಲು ಇನ್ನೊಂದು ಬ್ಲಾಕ್ ಹಾಕಿ ನೋಡಿಯೇ.