‘2018ರಲ್ಲೇ ಏನೂ ಆಗಿಲ್ಲ’ ಅಂದ ಜಾಗದಲ್ಲಿ ಮನೆ ಕಟ್ಟಿ ಕೆಟ್ಟೆ

ಮಡಿಕೇರಿ ಸುತ್ತಮುತ್ತ ಮನೆ ಕಟ್ಟೋಕೆ ಜಾಗ ಹುಡುಕುತ್ತಿರುವವರು ಇದನ್ನು ಓದಿ. ನನ್ನದಂತೂ ಹೋಯಿತು, ನಿಮ್ಮದಾದರೂ ಉಳಿಯಲಿ.

ಊರಿಂದ ಸ್ವಲ್ಪ ಆಚೆ ಹತ್ತು ಸೆಂಟ್ ಜಾಗ. ನೋಡಲು ಹೋಗಿದ್ದು ಫೆಬ್ರವರಿಯಲ್ಲಿ. ಕಾಫಿ ತೋಟದ ಅಂಚು, ಎದುರಿಗೆ ಬೆಟ್ಟದ ಸಾಲು, ನೆಲ ಒಣಗಿ ಗಟ್ಟಿ. “ಇಲ್ಲಿ ಬರೆ ಜರಿಯಲ್ವಾ?” ಅಂತ ಕೇಳಿದೆ. ಬರೆ ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ. ಮಾರುವವರು ನಕ್ಕರು. “2018ರಲ್ಲೇ ಏನೂ ಆಗಿಲ್ಲ ಸಾರ್, ಇನ್ನೇನಾಗುತ್ತೆ?” ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಕಡೆ ಗುಡ್ಡವೇ ಇಳಿದು ಬಂದದ್ದನ್ನು ಕಂಡವರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ? ನಂಬಿದೆ.

ಅವರು ಹೇಳಿದ್ದು ಸುಳ್ಳೂ ಅಲ್ಲ. 2018ರಲ್ಲಿ ಅದು ಯಾರೂ ಮುಟ್ಟದ ಇಳಿಜಾರು. ಬುಡ ಕಡಿದದ್ದು ನಾವು. ನಾಲ್ಕು ದಿನ ಜೆಸಿಬಿ ಓಡಿತು. ಹಿಂದೆ ಹದಿನೆಂಟು ಅಡಿ ನೇರ ಬರೆ. ಕಡಿದ ಮಣ್ಣನ್ನೇ ಮುಂದಕ್ಕೆ ತಳ್ಳಿ ಸಮ ಮಾಡಿದೆವು. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ. 2018ರ ಅನಾಹುತದ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬೊಟ್ಟು ಮಾಡಿದ್ದೂ ಇದಕ್ಕೇ, ಮನೆಗೆ, ರಸ್ತೆಗೆ ಅಂತ ಇಳಿಜಾರು ಕಡಿಯುವುದಕ್ಕೆ. ಪೇಪರಿನಲ್ಲಿ ಓದಿದ್ದೆ. ಅದು ನನ್ನ ಹತ್ತು ಸೆಂಟಿಗೂ ಸೇರಿದ ಮಾತು ಅಂತ ಹೊಳೆಯಲಿಲ್ಲ ನೋಡಿ.

ಬರೆಗೆ ತಡೆಗೋಡೆ ಕಟ್ಟಿಸಿದೆವು. ನೀರು ಹೊರಗೆ ಬರಲಿ ಅಂತ ಕಂಟ್ರಾಕ್ಟರ್ ಪೈಪುಗಳನ್ನು ಸಾಲಾಗಿ ಇಟ್ಟಿದ್ದ. ಮೊದಲ ಮಳೆಗಾಲ ಸುಮ್ನೆ ಕಳೆಯಿತು. ಎರಡನೇ ವರ್ಷ ಜುಲೈಯಲ್ಲಿ ಪಕ್ಕದ ತೋಟದವರ ಮಾಪಕದಲ್ಲಿ ಒಂದೇ ದಿನ ಏಳು ಇಂಚು. ಕೊಡೆ ಹಿಡಿದು ಹಿಂದೆ ಹೋಗಿ ನೋಡಿದರೆ ಒಂದು ಪೈಪಿನಿಂದಲೂ ತೊಟ್ಟು ನೀರಿಲ್ಲ. ಒಂದರ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು. ಬರೆಯಲ್ಲಿ ಜಲ, ಅಂದರೆ ಒರತೆ ನೀರು, ಇಲ್ಲ ಅಂತ ಖುಷಿಪಟ್ಟು ಒಳಗೆ ಬಂದು ಕಾಫಿ ಕುಡಿದೆ. ಅಷ್ಟು ದಡ್ಡ ನಾನು. ಗೋಡೆಯ ಹಿಂದೆ ಜಲ್ಲಿಯೇ ತುಂಬಿರಲಿಲ್ಲ. ಬರೀ ಮಣ್ಣು ತುರುಕಿದ್ದರು, ಅದು ಪೈಪುಗಳನ್ನು ಮುಚ್ಚಿ ಹಾಕಿತ್ತು. ನೀರೆಲ್ಲ ಒಳಗೇ ನಿಂತು ಗೋಡೆಯನ್ನು ದೂಡುತ್ತಿತ್ತು.

ಮೂರನೇ ದಿನ ಅಡುಗೆಮನೆಯ ಹಿಂಬಾಗಿಲು ಹಾಕಲು ಬರಲಿಲ್ಲ. ಮಳೆಗೆ ಮರ ಉಬ್ಬಿದೆ ಅಂದುಕೊಂಡೆವು. ತೋಟದ ಕೆಲಸದ ಅಜ್ಜ ಆ ಕಡೆ ಹೋಗುತ್ತಿದ್ದವರು ನಿಂತರು. “ಬಾಗಿಲು ಬಿಡು ಮಗ, ಗೋಡೆ ನೋಡು” ಅಂದರು. ತಡೆಗೋಡೆ ಹೊಟ್ಟೆ ಬಿಟ್ಟಿತ್ತು. ಮೇಲೆ ಕಾಫಿ ಗಿಡಗಳ ನಡುವೆ ಬೆರಳು ತೂರುವಷ್ಟು ಬಿರುಕು, ಬಿಲ್ಲಿನ ಹಾಗೆ ಬಾಗಿ ನಮ್ಮ ಮನೆಯ ಅಗಲಕ್ಕೂ ಹರಿದಿತ್ತು. “ನೀವು ಮನೆ ಕಟ್ಟಿದ ಜಾಗದಲ್ಲೇ ಮಳೆಗಾಲದಲ್ಲಿ ಜಲ ಏಳುತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದೆ.”

ಕಾಗದಪತ್ರ, ಬಟ್ಟೆ ಎತ್ತಿಕೊಂಡು ಮಧ್ಯಾಹ್ನವೇ ತಂಗಿ ಮನೆಗೆ ಹೋದೆವು. ರಾತ್ರಿ ಗೋಡೆ ಬಂತು, ಅದರ ಹಿಂದೆ ಬರೆ. ಅಡುಗೆಮನೆ, ಒಂದು ಕೋಣೆ ಮಣ್ಣಿನಡಿ. ಮುಂದಿನ ಅರ್ಧ ಬಿದ್ದಿಲ್ಲ, ಆದರೆ ತುಂಬಿದ ಮಣ್ಣು ಕೂತು ಗೋಡೆಗಳೆಲ್ಲ ಸೀಳಿವೆ.

ಇನ್ಶೂರೆನ್ಸ್ ಇದೆಯಲ್ಲ ಅನ್ನಬೇಡಿ. ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಭೂಕುಸಿತ ಸೇರಿದೆ ನಿಜ. ಕೆಳಗಿನ ಸಾಲೂ ಓದಿ: ತುಂಬಿದ ಮಣ್ಣು ಕೂತರೆ ಇಲ್ಲ, ಕೆಲಸದ ದೋಷವಾದರೆ ಇಲ್ಲ. ನನ್ನ ಕೇಸಿನಲ್ಲಿ ಎರಡೂ ಇತ್ತು. ಮನೆ ಸಾಲದ ಕಂತು ಮಾತ್ರ ಇನ್ನೂ ಕಟ್ಟುತ್ತಿದ್ದೇನೆ.

ಮತ್ತೆ ಕಟ್ಟಿದರೆ ಗುಡ್ಡ ಕಡಿಯದೆ, ಇಳಿಜಾರು ಹೇಗಿದೆಯೋ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಮನೆ. ಅಂಗಳ ಇಲ್ಲದಿದ್ದರೂ ಪರವಾಗಿಲ್ಲ. ತಡೆಗೋಡೆ ಕಟ್ಟಲೇಬೇಕಾದರೆ ಹಿಂದೆ ಜಲ್ಲಿ ತುಂಬುವಾಗ ನೀವೇ ನಿಂತು ನೋಡಿ, ಫೋಟೋ ನಂಬಬೇಡಿ. ಮೇಲಿನ ನೀರು ಮನೆಯನ್ನು ಬಳಸಿ ಹೋಗಲು ಚರಂಡಿ ಮೊದಲು, ಟೈಲ್ಸ್ ಆಮೇಲೆ.

ಮೊನ್ನೆ ಅದೇ ರಸ್ತೆಯಲ್ಲಿ ಎರಡು ತಿರುವು ಆಚೆ ಇನ್ನೊಂದು ಬರೆ ಕಡಿದಿದ್ದಾರೆ, ಸೈಟ್ ಮಾರಾಟಕ್ಕಿದೆ ಅಂತ ಬೋರ್ಡು ಬೇರೆ. ಯಾರಾದರೂ ನೋಡಲು ಹೋಗುವುದಿದ್ದರೆ ಜುಲೈ ಕೊನೆಗೆ, ಮಳೆ ಹಿಡಿದಾಗ ಹೋಗಿ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.