ಅಲೈಂಗಿಕ ಸಂತಾನೋತ್ಪತ್ತಿ ಸ್ಲೈಡ್ ಪೆಟ್ಟಿಗೆ: ಐದು ಸ್ಲೈಡ್ ಚೆನ್ನ, ಎರಡು ದಾರಿ ತಪ್ಪಿಸುತ್ತವೆ

ಹತ್ತನೇ ತರಗತಿಯ ವಿಜ್ಞಾನ ಪಾಠಕ್ಕೆಂದು ಮಾರುವ ಸಿದ್ಧ ಸ್ಲೈಡ್ ಪೆಟ್ಟಿಗೆಗಳಲ್ಲಿ ಅಮೀಬಾ, ಪ್ಯಾರಮೀಸಿಯಂ, ಯೀಸ್ಟ್, ರೈಜೋಪಸ್, ಹೈಡ್ರಾ, ಸ್ಪೈರೋಗೈರಾ, ಪ್ಲನೇರಿಯಾ ಸಾಮಾನ್ಯವಾಗಿ ಇರುತ್ತವೆ. ಮೊದಲ ಐದಕ್ಕೆ ಕೊಟ್ಟ ಹಣ ದಂಡವಲ್ಲ. ಮೊಗ್ಗು ಹೊತ್ತ ಹೈಡ್ರಾ 10ಎಕ್ಸ್ ಮಸೂರದಲ್ಲೇ ಚೆನ್ನಾಗಿ ಕಾಣುತ್ತದೆ. ತೊಂದರೆಯಿರುವುದು ತುಂಡರಿಕೆ (ದೇಹ ತುಂಡಾಗಿ ತುಣುಕುಗಳು ಹೊಸ ಜೀವಿಗಳಾಗುವುದು), ಪುನರುತ್ಪಾದನೆ (ಕಳೆದ ಭಾಗವನ್ನು ಮತ್ತೆ ಬೆಳೆಸಿಕೊಳ್ಳುವುದು) ಎಂದು ಚೀಟಿ ಅಂಟಿಸಿದ ಕೊನೆಯ ಎರಡರಲ್ಲಿ. ಮಕ್ಕಳು ಹೆಚ್ಚು ಗೊಂದಲಪಡುವುದೂ ಇಲ್ಲಿಯೇ.

ಸ್ಪೈರೋಗೈರಾ ಸ್ಲೈಡನ್ನು ಕೊಳ್ಳುವ ಮುಂಚೆ ನೋಡಿ. ಎರಡು ಎಳೆಗಳು ಅಕ್ಕಪಕ್ಕ ನಿಂತು, ನಡುವೆ ಏಣಿಯ ಮೆಟ್ಟಿಲುಗಳಂತೆ ನಾಳಗಳಿದ್ದರೆ, ಕೋಶಗಳೊಳಗೆ ದಟ್ಟವಾದ ಅಂಡಾಕಾರದ ಮುದ್ದೆಗಳಿದ್ದರೆ ಅದು ಸಂಯುಗ್ಮನ, ಅಂದರೆ ಲೈಂಗಿಕ ವಿಧಾನ. ಚೀಟಿ ಏನೇ ಹೇಳಲಿ, ಅದನ್ನು ತುಂಡರಿಕೆ ಎಂದು ತೋರಿಸಬಾರದು. ಇನ್ನು ಅಲ್ಲಿ ಕಾಣುವ ಹಸಿರು ಬಹುಪಾಲು ಆಮೇಲೆ ಹಚ್ಚಿದ ಬಣ್ಣದ್ದು: ಸ್ಲೈಡ್ ತಯಾರಿಸುವಾಗ ಆಲ್ಕೋಹಾಲ್‌ನಲ್ಲಿ ನೀರು ತೆಗೆದರೆ ಪತ್ರಹರಿತ್ತು ಕರಗಿಹೋಗುತ್ತದೆ. ಸುರುಳಿ ಹರಿತ್ತಕಣ (ಕ್ಲೋರೋಪ್ಲಾಸ್ಟ್) ಕುಗ್ಗಿ ಕೋಶದ ಮಧ್ಯಕ್ಕೆ ಸರಿದಿದ್ದರೆ ಆ ಸ್ಲೈಡ್ ಬೇಡ.

ಇದರ ಬದಲು ಕೆರೆಯ ಅಂಚಿನಿಂದ, ಕೈಗೆ ರೇಷ್ಮೆಯಂತೆ ಜಾರುವ ಪಾಚಿ ತನ್ನಿ. ಒಂದೆರಡು ಎಳೆ, ಅದೇ ನೀರಿನ ಒಂದು ಹನಿ ಸಾಕು. ಕವರ್ ಸ್ಲಿಪ್ಪನ್ನು ಓರೆಯಾಗಿ ಹಿಡಿದು ನಿಧಾನವಾಗಿ ಇಳಿಸಿ; ಒಮ್ಮೆಲೇ ಬಿಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಎಳೆಯುದ್ದಕ್ಕೂ ಕೋಶಗಳೆಲ್ಲ ಬಹುತೇಕ ಒಂದೇ ಬಗೆ ಎಂಬುದನ್ನು ಗಮನಿಸಿ. ಹಾಗಾಗಿ ಎಳೆ ತುಂಡಾದಾಗ ತುಣುಕಿಗೆ ಕಳೆದ ಭಾಗವನ್ನು ಹೊಸದಾಗಿ ಕಟ್ಟಿಕೊಳ್ಳುವ ಕೆಲಸವೇ ಇಲ್ಲ. ಅದು ಕೋಶ ವಿಭಜಿಸುತ್ತ ಉದ್ದವಾಗುತ್ತದೆ, ಅಷ್ಟೆ. ತುಂಡಾಗುವುದೇ ಇಲ್ಲಿ ಸಂತಾನವೃದ್ಧಿಯ ದಾರಿ.

ಪ್ಲನೇರಿಯಾ ಸ್ಲೈಡ್‌ನಲ್ಲಿರುವುದು ಇಡೀ ಹುಳು. ಕಣ್ಣಿನ ಚುಕ್ಕೆಗಳು, ಕವಲೊಡೆದ ಕರುಳು ಕಾಣುತ್ತವೆ. ಪುನರುತ್ಪಾದನೆ ಎಳ್ಳಷ್ಟೂ ಕಾಣದು. ಸ್ಲೈಡ್ ದಪ್ಪವಾಗಿರುವುದರಿಂದ 40ಎಕ್ಸ್ ಮಸೂರ ತಿರುಗಿಸಿದರೆ ಕವರ್ ಸ್ಲಿಪ್ ಒಡೆಯಬಹುದು, 4ಎಕ್ಸ್ ಸಾಕು. ಜೀವಂತ ಹುಳು ಸಿಕ್ಕರೆ ಶಿಕ್ಷಕರೇ ಮಾಡಿ ತೋರಿಸಬಹುದು. ಕತ್ತರಿಸುವ ಮುಂಚೆ ಒಂದು ವಾರ ಆಹಾರ ಕೊಡಬೇಡಿ. ಮಂಜುಗಡ್ಡೆಯ ಮೇಲಿಟ್ಟ ಒದ್ದೆ ಫಿಲ್ಟರ್ ಪೇಪರ್ ಮೇಲೆ, ಹೊಸ ಬ್ಲೇಡಿನಿಂದ ಅಡ್ಡಲಾಗಿ ಒಂದೇ ಏಟಿಗೆ ಕತ್ತರಿಸಿ. ನಲ್ಲಿ ನೀರಿನ ಕ್ಲೋರಿನ್ ಕೊಲ್ಲುತ್ತದೆ, ತಾಮ್ರದ ಪಾತ್ರೆಯಂತೂ ಬೇಡವೇ ಬೇಡ. ತುಂಡುಗಳನ್ನು ಕತ್ತಲಲ್ಲಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಕರಗುತ್ತಿರುವ ತುಂಡನ್ನು ಕೂಡಲೇ ತೆಗೆಯಿರಿ. ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರದ ಹೊತ್ತಿಗೆ ಬಾಲದ ತುಂಡಿನಲ್ಲಿ ಕಣ್ಣಿನ ಚುಕ್ಕೆ ಮೂಡತೊಡಗುತ್ತದೆ. ಗಾಯದ ತುದಿಯಲ್ಲಿ ಬಿಳಿಚಿಕೊಂಡ ಹೊಸ ಅಂಗಾಂಶವೇ ಪಾಠ: ನಿಯೋಬ್ಲಾಸ್ಟ್ ಎಂಬ ಕಾಂಡಕೋಶಗಳು ವಿಭಜಿಸಿ, ಬೇರೆ ಬೇರೆ ಬಗೆಯ ಕೋಶಗಳಾಗಿ, ಇಲ್ಲದ ತಲೆಯನ್ನು ಕಟ್ಟುತ್ತಿವೆ. ಆ ಕೋಶಗಳಿಲ್ಲದ ಗಂಟಲ ಕೊಳವೆಯನ್ನು ಮಾತ್ರ ಕತ್ತರಿಸಿಟ್ಟರೆ ಏನೂ ಬೆಳೆಯುವುದಿಲ್ಲ.

ಪೆಟ್ಟಿಗೆಯ ಜೊತೆ ಬರುವ ಕೈಪಿಡಿಯಲ್ಲಿ ತುಂಡರಿಕೆ, ಪುನರುತ್ಪಾದನೆ ಎರಡನ್ನೂ 'ತುಂಡಿನಿಂದ ಹೊಸ ಜೀವಿ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರೆ ಅದು ದೊಡ್ಡ ಕೊರತೆ. ಹಲ್ಲಿಯ ಬಾಲ ಮತ್ತೆ ಬೆಳೆಯುವುದೂ ಪುನರುತ್ಪಾದನೆಯೇ, ಆದರೆ ಬಿದ್ದ ಬಾಲ ಹಲ್ಲಿಯಾಗದು, ಹಾಗಾಗಿ ಅದು ಸಂತಾನೋತ್ಪತ್ತಿಯಲ್ಲ. ಇನ್ನೊಂದು ಕಡೆ, ಕೆಲವು ಪ್ಲನೇರಿಯಾಗಳು ಯಾರೂ ಕತ್ತರಿಸದೆಯೇ ಬಾಲವನ್ನು ನೆಲಕ್ಕಂಟಿಸಿ, ಮುಂದಕ್ಕೆ ಜಗ್ಗಿ, ತಾವೇ ಎರಡಾಗುತ್ತವೆ. ಆಮೇಲೆ ಎರಡೂ ತುಂಡುಗಳು ಕಳೆದ ಭಾಗ ಬೆಳೆಸಿಕೊಳ್ಳುತ್ತವೆ. ಅಲ್ಲಿ ಎರಡೂ ಕ್ರಿಯೆಗಳು ಒಂದರ ಹಿಂದೊಂದು ನಡೆಯುತ್ತವೆ.

ಬಿಡಿ ಸ್ಲೈಡ್ ಸಿಗುವುದಾದರೆ ಮೊದಲ ಐದನ್ನಷ್ಟೇ ಕೊಳ್ಳಿ. ಇಡೀ ಪೆಟ್ಟಿಗೆಯೇ ಬೇಕಾದರೆ, ಸಂಯುಗ್ಮನವಿಲ್ಲದ ಸ್ಪೈರೋಗೈರಾ ಎಳೆಯ ಸ್ಲೈಡನ್ನೇ ಕೇಳಿ ಪಡೆಯಿರಿ. ಪೆಟ್ಟಿಗೆ ಇಡುವಾಗ ಗಾಜುಗಳು ಅಡ್ಡಡ್ಡ ಮಲಗಿರಲಿ. ನೆಟ್ಟಗೆ ನಿಂತರೆ ಸೆಕೆಗಾಲದಲ್ಲಿ ಸರಿಯಾಗಿ ಒಣಗದ ಅಂಟು ಮೆತ್ತಗಾಗಿ ಕವರ್ ಸ್ಲಿಪ್ ಜಾರುತ್ತದೆ.